ಫಿಟ್ಸ್ ಬಂದಾಗ ಏನು ಮಾಡಬೇಕು: ಮೊದಲ 5 ನಿಮಿಷದಿಂದ ಮಾತ್ರೆ ನಿಲ್ಲಿಸುವ ದಿನದವರೆಗೆ

ಬಸ್‌ಸ್ಟ್ಯಾಂಡಿನಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ನಿಮಿಷದೊಳಗೆ ಜನ ಮುತ್ತಿಕೊಳ್ಳುತ್ತಾರೆ. ಒಬ್ಬರು ಬೀಗದ ಕೈ ಹುಡುಕುತ್ತಾರೆ. ಇನ್ನೊಬ್ಬರು ಈರುಳ್ಳಿ ಜಜ್ಜಿ ತನ್ನಿ ಅನ್ನುತ್ತಾರೆ. ಮತ್ತೊಬ್ಬರು ಚಪ್ಪಲಿ ಬಿಚ್ಚಿ ಮೂಗಿಗೆ ಹಿಡಿಯುತ್ತಾರೆ. ಅಷ್ಟು ಹೊತ್ತಿಗೆ ಫಿಟ್ಸ್ ತಾನಾಗಿಯೇ ನಿಂತಿರುತ್ತದೆ, ಹೆಸರು ಮಾತ್ರ ಕಬ್ಬಿಣಕ್ಕೆ ಬರುತ್ತದೆ.

ಮೈಯೆಲ್ಲ ಸೆಟೆದು ಅದುರುವ ಫಿಟ್ಸ್ ಹೆಚ್ಚಿನ ಸಲ 1ರಿಂದ 3 ನಿಮಿಷದಲ್ಲಿ ನಿಲ್ಲುತ್ತದೆ. ಕೈಯಲ್ಲಿ ಕೀ ಇದ್ದರೂ ನಿಲ್ಲುತ್ತದೆ, ಇಲ್ಲದಿದ್ದರೂ ನಿಲ್ಲುತ್ತದೆ. ಮಿದುಳಿನ ಕೋಶಗಳು ಸಣ್ಣ ಸಣ್ಣ ವಿದ್ಯುತ್ ಸಂಕೇತಗಳಿಂದ ಕೆಲಸ ಮಾಡುತ್ತವೆ. ಒಂದಷ್ಟು ಕೋಶಗಳು ಹದ ತಪ್ಪಿ ಒಟ್ಟಿಗೇ ಸಂಕೇತ ಕಳಿಸತೊಡಗಿದರೆ ಫಿಟ್ಸ್ ಬರುತ್ತದೆ. ಗಾಳಿ ಸೋಕಿದ್ದಲ್ಲ, ಅಂಟುರೋಗವೂ ಅಲ್ಲ. ಕಾರಣವಿಲ್ಲದೆ ಹೀಗೆ ಮತ್ತೆ ಮತ್ತೆ ಬರುತ್ತಿದ್ದರೆ ಅದಕ್ಕೆ ಮೂರ್ಛೆರೋಗ ಅನ್ನುತ್ತೇವೆ. ಲೋಕದಲ್ಲಿ ಸುಮಾರು 5 ಕೋಟಿ ಜನರಿಗೆ ಇದೆ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು 1 ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 1000 ಜನರಲ್ಲಿ ಸುಮಾರು 9 ಮಂದಿಗೆ ಇತ್ತು. ಹಳ್ಳಿಯಲ್ಲಿ ಸುಮಾರು 12, ಪಟ್ಟಣದಲ್ಲಿ ಸುಮಾರು 6. ಅಂದರೆ ನಿಮ್ಮ ಊರಲ್ಲೂ ಕೆಲವರಿಗೆ ಖಂಡಿತ ಇದೆ. ಹೇಳಿಕೊಂಡಿರುವುದಿಲ್ಲ, ಅಷ್ಟೇ.

ಮೊದಲು ಟೈಮ್ ನೋಡಿ

ಕೀ ಹುಡುಕುವ ಬದಲು ಫೋನ್ ತೆಗೆದು ಟೈಮ್ ನೋಡಿ. ಪಕ್ಕದವರಿಗೂ ಕೇಳುವ ಹಾಗೆ ಜೋರಾಗಿ ಹೇಳಿ. ಇದೇನು ಮಹಾ ಕೆಲಸ ಅನಿಸಬಹುದು. ಆದರೆ ನೋಡುತ್ತ ನಿಂತವರಿಗೆ ಒಂದು ನಿಮಿಷ ಹತ್ತು ನಿಮಿಷದ ಹಾಗೆ ಕಾಣುತ್ತದೆ. 'ಅರ್ಧ ಗಂಟೆ ಒದ್ದಾಡಿದ ಡಾಕ್ಟ್ರೇ' ಎಂದು ಹೇಳುವ ಮನೆಯವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ಹಾಗೇ ಅನಿಸಿರುತ್ತದೆ. 5 ನಿಮಿಷ ದಾಟಿತೋ ಇಲ್ಲವೋ ಎಂಬುದರ ಮೇಲೆ ಮುಂದಿನ ತೀರ್ಮಾನವೆಲ್ಲ ನಿಂತಿದೆ.

ಆಮೇಲೆ ಸುತ್ತ ಜಾಗ ಮಾಡಿ. ಕಲ್ಲು, ಬಿಸಿ ಪಾತ್ರೆ, ಕುರ್ಚಿ, ಒಲೆ ಏನಿದ್ದರೂ ದೂರ ಸರಿಸಿ. ತಲೆಯ ಕೆಳಗೆ ಟವೆಲ್ಲೋ ಬ್ಯಾಗೋ ಮೆತ್ತಗಿನದು ಏನಾದರೂ ಇಡಿ. ಕನ್ನಡಕ ತೆಗೆಯಿರಿ, ಕುತ್ತಿಗೆಯ ಗುಂಡಿ, ಟೈ, ಬಿಗಿಯಾದ ದುಪಟ್ಟಾ ಸಡಿಲ ಮಾಡಿ. ಕೈಕಾಲು ಹಿಡಿದು ಅದುಮಬೇಡಿ. ಅದುಮಿದರೆ ಅದುರುವುದು ನಿಲ್ಲುವುದಿಲ್ಲ, ಭುಜ ಜಾರಬಹುದು.

ಬಾಯಿಗೆ ಏನೂ ಹಾಕಬೇಡಿ. ಚಮಚ, ಬಟ್ಟೆ, ನಿಮ್ಮ ಬೆರಳು, ನೀರು, ಮಾತ್ರೆ, ಯಾವುದೂ ಬೇಡ. ನಾಲಿಗೆ ನುಂಗಿಬಿಡುತ್ತಾರೆ ಎಂಬುದು ಬರೀ ಹೆದರಿಕೆ. ನಾಲಿಗೆ ಕಚ್ಚಿಕೊಂಡು ಗಾಯ ಆಗಬಹುದು, ಅದು ಕೆಲವು ದಿನಗಳಲ್ಲಿ ಮಾಯುತ್ತದೆ. ಬಾಯಿಗೆ ಏನಾದರೂ ತುರುಕಲು ಹೋಗಿ ಹಲ್ಲು ಮುರಿದು, ಅದರ ಚೂರು ಉಸಿರುನಾಳಕ್ಕೆ ಹೋದರೆ ಮಾತ್ರ ಪ್ರಾಣಕ್ಕೆ ಬರುತ್ತದೆ.

ಫಿಟ್ಸ್ ಹೇಗೆ ನಡೆಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಗಾಬರಿ ಅರ್ಧ ಕಡಿಮೆಯಾಗುತ್ತದೆ. ಶುರುವಿನಲ್ಲಿ ಒಂದು ವಿಚಿತ್ರ ಕೂಗು ಬರಬಹುದು. ಅದು ನೋವಿನ ಕೂಗಲ್ಲ, ಎದೆ ಬಿಗಿದಾಗ ಒಳಗಿನ ಗಾಳಿ ಗಂಟಲಿನಿಂದ ಹೊರಬೀಳುವ ಸದ್ದು. ಕಣ್ಣು ತೆರೆದೇ ಇರುತ್ತದೆ, ಮೇಲಕ್ಕೋ ಪಕ್ಕಕ್ಕೋ ಹೊರಳಿರುತ್ತದೆ. ಮೈ ಕೆಲವು ಸೆಕೆಂಡು ಮರದಂತೆ ಸೆಟೆಯುತ್ತದೆ, ತುಟಿ ನೀಲಿಯಾಗುತ್ತದೆ. ಆಮೇಲೆ ಕೈಕಾಲು ಒಂದೇ ತಾಳದಲ್ಲಿ ಅದುರತೊಡಗುತ್ತವೆ. ಬಾಯಲ್ಲಿ ನೊರೆ ಬರುತ್ತದೆ, ಉಚ್ಚೆ ಹೋಗಬಹುದು. ಅದುರುವಿಕೆಯ ನಡುವಿನ ಬಿಡುವು ನಿಧಾನವಾಗಿ ಜಾಸ್ತಿಯಾಗುತ್ತದೆ. ಕೊನೆಗೆ ಒಂದು ದೊಡ್ಡ ಉಸಿರು, ಆಮೇಲೆ ಗೊರಕೆ.

ಅದುರುವುದು ತಗ್ಗಿದ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ. ಮೇಲಿನ ಕಾಲನ್ನು ಮಡಚಿ ನೆಲಕ್ಕೆ ಆನಿಸಿ, ಗಲ್ಲ ಸ್ವಲ್ಪ ಮೇಲೆತ್ತಿ. ನೊರೆ, ವಾಂತಿ ಇದ್ದರೆ ಹೊರಗೆ ಹರಿಯಲಿ. ಎಚ್ಚರವಾದ ಮೇಲೂ ಹತ್ತಿಪ್ಪತ್ತು ನಿಮಿಷ ಮಂಕಾಗಿರುತ್ತಾರೆ. ಎದ್ದು ಎತ್ತಲೋ ನಡೆಯಲು ಹೋಗಬಹುದು, ತಡೆದವರ ಮೇಲೆ ಸಿಟ್ಟಾಗಬಹುದು. ಜಗ್ಗಾಡಬೇಡಿ, ಜೊತೆಗಿರಿ. ಹೆಸರು, ಊರು, ಇವತ್ತು ಯಾವ ವಾರ ಎಂದು ಕೇಳಿ. ಮೂರಕ್ಕೂ ಸರಿಯಾಗಿ ಹೇಳಿದ ಮೇಲೆ ನೀರು ಕೊಡಿ, ಅದಕ್ಕೂ ಮುಂಚೆ ಸೋಡಾ ಕಾಫಿ ಏನೂ ಬೇಡ. ಬಟ್ಟೆ ಒದ್ದೆಯಾಗಿದ್ದರೆ ಜನರನ್ನು ದೂರ ಕಳಿಸಿ ಒಂದು ಶಾಲು ಹೊದಿಸಿ. ಫಿಟ್ಸ್ ಬರುವವರನ್ನು ಕೇಳಿ ನೋಡಿ, ಬಿದ್ದದ್ದಕ್ಕಿಂತ ಎದ್ದಾಗ ಸುತ್ತ ಕಂಡ ಮುಖಗಳೇ ಹೆಚ್ಚು ನೋವು ಕೊಡುತ್ತವೆ ಅನ್ನುತ್ತಾರೆ.

108ಕ್ಕೆ ಯಾವಾಗ ಫೋನ್ ಮಾಡಬೇಕು

ಅದುರುವುದು 5 ನಿಮಿಷ ದಾಟಿದರೆ ಕಾಯಬೇಡಿ. ಅಲ್ಲಿಂದಾಚೆ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತ ಹೋಗುತ್ತದೆ. ಎಚ್ಚರವಾಗದೆ ಎರಡನೇ ಫಿಟ್ಸ್ ಬಂದರೂ ಅಷ್ಟೇ. ಜೀವನದಲ್ಲಿ ಮೊದಲ ಸಲ ಬಂದಿದ್ದರೆ, ಗರ್ಭಿಣಿಗೆ ಬಂದರೆ, ಸಕ್ಕರೆ ಕಾಯಿಲೆ ಇರುವವರಿಗೆ ಬಂದರೆ, ನೀರಿನಲ್ಲಿ ಬಂದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ನಿಂತ ಮೇಲೂ ಉಸಿರಾಟ ಸರಿಯಿಲ್ಲದಿದ್ದರೆ 5 ನಿಮಿಷದ ಲೆಕ್ಕವನ್ನೂ ನೋಡಬೇಡಿ, ಕೂಡಲೇ ಹೊರಡಿ. ಎಚ್ಚರವಾದ ಮೇಲೆ ಒಂದು ಕಡೆಯ ಕೈಕಾಲು ಏಳುತ್ತಿಲ್ಲ, ಬಾಯಿ ಸೊಟ್ಟಗಾಗಿದೆ ಅಂದರೆ ಅದು ಲಕ್ವದ ಗುರುತೂ ಇರಬಹುದು. ದಿನಾ ಕುಡಿಯುವವರು ಕುಡಿತ ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುವುದುಂಟು. ಅವರಿಗೂ ಆಸ್ಪತ್ರೆಯೇ ಬೇಕು.

6 ತಿಂಗಳಿನಿಂದ 5 ವರ್ಷದವರೆಗಿನ ಮಕ್ಕಳಿಗೆ ಜ್ವರ ಏರಿದಾಗ ಬರುವ ಫಿಟ್ಸ್ ಬೇರೆ ಮಾತು. ನೋಡಿದವರ ಜೀವ ಬಾಯಿಗೆ ಬರುತ್ತದೆ ನಿಜ, ಆದರೆ ಹೆಚ್ಚಿನ ಮಕ್ಕಳಿಗೆ ವಯಸ್ಸಾದಂತೆ ತಾನೇ ಹೋಗುತ್ತದೆ, ಓದಿಗೂ ಬುದ್ಧಿಗೂ ತೊಂದರೆಯಿಲ್ಲ. ಮೊದಲ ಸಲ ಬಂದಾಗ ಮಾತ್ರ ಡಾಕ್ಟರಿಗೆ ತೋರಿಸಲೇಬೇಕು, ಮಿದುಳು ಜ್ವರ ಅಲ್ಲ ಎಂದು ಖಚಿತ ಮಾಡಿಕೊಳ್ಳಲು. ದಯವಿಟ್ಟು ಬರೆ ಹಾಕಿಸಬೇಡಿ. ಇವತ್ತಿಗೂ ಹೊಟ್ಟೆ ಮೇಲೆ, ಹಣೆ ಮೇಲೆ ಸುಟ್ಟ ಗುರುತಿರುವ ಮಕ್ಕಳು ಆಸ್ಪತ್ರೆಗೆ ಬರುತ್ತಾರೆ.

ಪದೇ ಪದೇ ದೀರ್ಘವಾಗಿ ಬರುವವರಿಗೆ ಮಿಡಾಜೊಲಾಮ್ ಎಂಬ ಮೂಗಿನ ಸ್ಪ್ರೇ ಇದೆ. ಮನೆಯಲ್ಲೇ ಕೊಡಬಹುದು. ತೂಕದ ಪ್ರಕಾರ ಎಷ್ಟು ಸಲ ಒತ್ತಬೇಕು, ಯಾವಾಗ ಕೊಡಬೇಕು ಎಂದು ಡಾಕ್ಟರ್ ಕೈಯಲ್ಲಿ ಬರೆಸಿಕೊಂಡು ಬಾಟಲಿಯ ಜೊತೆಗೇ ಕಟ್ಟಿಡಿ. ಆ ಹೊತ್ತಿನಲ್ಲಿ ಚೀಟಿ ಹುಡುಕುತ್ತ ಕೂರಲು ಆಗುವುದಿಲ್ಲ, ಅಲ್ವಾ?

ಡಾಕ್ಟರ ಬಳಿಗೆ ಹೋಗುವ ಮುನ್ನ

ಡಾಕ್ಟರ್ ಕಣ್ಣೆದುರು ಫಿಟ್ಸ್ ಬರುವುದು ತೀರಾ ಅಪರೂಪ. ಅವರಿಗೆ ಬೇಕಾದ ಮುಖ್ಯ ವಿವರ ಇರುವುದು ನೋಡಿದವರ ಹತ್ತಿರ. ಹಾಗಾಗಿ ಅವತ್ತು ಕಣ್ಣಾರೆ ಕಂಡವರು ಜೊತೆಗೆ ಹೋಗಬೇಕು. ಊರಿಂದ ಬರಲು ಆಗದಿದ್ದರೆ ಫೋನಿನಲ್ಲಾದರೂ ಸಿಗಲಿ. ಸಾಧ್ಯವಾದರೆ ಒಬ್ಬರು ಆರೈಕೆ ಮಾಡುವಾಗ ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಮುಖ ಮತ್ತು ಎರಡೂ ಕೈ ಕಾಣುವ ಹಾಗೆ. ಅರ್ಧ ನಿಮಿಷದ ವಿಡಿಯೊ ಎಷ್ಟೋ ಸಲ ದೊಡ್ಡ ಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ. ಅದನ್ನು ಡಾಕ್ಟರಿಗೆ ಮಾತ್ರ ತೋರಿಸಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಒಂದು ಹಾಳೆಯಲ್ಲಿ ಬರೆದಿಡಿ: ಶುರುವಾದಾಗ ಏನು ಮಾಡುತ್ತಿದ್ದರು, ಮೊದಲು ಅದುರಿದ್ದು ಯಾವ ಕೈ, ಕತ್ತು ಯಾವ ಕಡೆ ತಿರುಗಿತು, ಎಷ್ಟು ಹೊತ್ತು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಊಟ ಆಗಿತ್ತೇ. ಹುಟ್ಟಿದಾಗ ತಡವಾಗಿ ಅತ್ತ ಮಗುವೇ, ಹಿಂದೆ ತಲೆಗೆ ಪೆಟ್ಟಾಗಿತ್ತೇ, ನೆಂಟರಲ್ಲಿ ಯಾರಿಗಾದರೂ ಇದೆಯೇ ಎಂಬುದನ್ನೂ ಸೇರಿಸಿ.

ಬಿದ್ದು ಒದ್ದಾಡಿದರೆ ಮಾತ್ರ ಫಿಟ್ಸ್ ಎಂದುಕೊಳ್ಳಬೇಡಿ. ಪಾಠದ ನಡುವೆ ಹತ್ತು ಸೆಕೆಂಡು ಕಣ್ಣು ಪಿಳುಕಿಸುತ್ತ ಶೂನ್ಯ ನೋಡುವ ಮಗು, ಆಮೇಲೆ ಏನೂ ಆಗದವರಂತೆ ಬರೆಯುವುದನ್ನು ಮುಂದುವರಿಸಿದರೆ ಅದು ಬರೀ ಗಮನ ಕೊಡದಿರುವುದಲ್ಲ, ಫಿಟ್ಸ್ ಇರಬಹುದು. ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳ ಕೈ ಬೆಳಗ್ಗೆ ಎದ್ದ ಕೂಡಲೇ ಜಗ್ಗಿದಂತಾಗಿ ಬ್ರಷ್ಷೋ ಕಾಫಿ ಲೋಟವೋ ಕೆಳಗೆ ಬೀಳುತ್ತದೆ. ಮನೆಯವರು ಬೈಯುತ್ತಾರೆ. ಅದೂ ಒಂದು ಬಗೆಯ ಮೂರ್ಛೆರೋಗ, ಪರೀಕ್ಷೆಯ ದಿನಗಳ ನಿದ್ದೆಗೇಡಿನಲ್ಲಿ ಜಾಸ್ತಿಯಾಗುತ್ತದೆ. ದೊಡ್ಡವರು ಇದ್ದಕ್ಕಿದ್ದಂತೆ ತುಟಿ ಚಪ್ಪರಿಸುತ್ತ, ಅಂಗಿಯ ಗುಂಡಿ ತಡಕುತ್ತ ಒಂದೆರಡು ನಿಮಿಷ ಕಳೆದುಹೋದಂತೆ ಇರುವುದೂ ಇದೇ ಸಾಲಿನದು. ಬಿಸಿಲಲ್ಲಿ ನಿಂತು ಬೆವರಿ, ಮುಖ ಬಿಳುಚಿ, ಮೆಲ್ಲಗೆ ಕುಸಿದು ಅರೆ ನಿಮಿಷದಲ್ಲಿ ಸರಿಹೋದರೆ ಅದು ಬಹುಶಃ ತಲೆಸುತ್ತು.

ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಫಿಸಿಷಿಯನ್ ಸಾಕು, ಮಕ್ಕಳಾದರೆ ಮಕ್ಕಳ ಡಾಕ್ಟರು. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ಮಿದುಳು ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಜಿಲ್ಲಾ ಆಸ್ಪತ್ರೆಗಳಲ್ಲಿ ಇದೆ, ನಿಮ್ಮಲ್ಲಿ ಇದೆಯೇ ಎಂದು ವಿಚಾರಿಸಿ. ಮಾತ್ರೆಗೆ ಬಗ್ಗದಿದ್ದರೆ ನರರೋಗ ತಜ್ಞರಿಗೆ ಬರೆದುಕೊಡುತ್ತಾರೆ.

ಮಿದುಳಿನ ವಿದ್ಯುತ್ ಸಂಕೇತ ನೋಡುವ ಇಇಜಿ ಪರೀಕ್ಷೆಗೆ ಹೋಗುವಾಗ ತಲೆಗೆ ಎಣ್ಣೆ ಹಚ್ಚಬೇಡಿ. ಹಿಂದಿನ ದಿನ ಶಾಂಪೂ ಹಾಕಿ ತೊಳೆದು ಒಣಗಿಸಿಕೊಂಡು ಹೋಗಿ. ನಿದ್ದೆಗೆಟ್ಟು ಬನ್ನಿ ಎಂದು ಹೇಳಿದ್ದರೆ ಮಗುವನ್ನು ದಾರಿಯಲ್ಲಿ ಬಸ್ಸಿನಲ್ಲೂ ನಿದ್ದೆ ಮಾಡಲು ಬಿಡಬೇಡಿ. ಕರೆಂಟ್ ಕೊಡುವುದಿಲ್ಲ, ಮಿದುಳಿನದ್ದೇ ಕರೆಂಟನ್ನು ಬರೆದುಕೊಳ್ಳುತ್ತಾರೆ, ಅಷ್ಟೇ. ಇಇಜಿ ನಾರ್ಮಲ್ ಬಂದರೂ ಮೂರ್ಛೆರೋಗ ಇಲ್ಲವೆಂದಲ್ಲ. ಎಂಆರ್‌ಐ ಮಾಡಿಸಿದಾಗ ನಮ್ಮಲ್ಲಿ ಆಗಾಗ ಸಿಗುವ ಒಂದು ಕಾರಣ ಮಿದುಳಿನಲ್ಲಿ ಕೂತ ಲಾಡಿಹುಳುವಿನ ಮರಿಗೂಡು. 'ನಾವು ಮಾಂಸವನ್ನೇ ಮುಟ್ಟುವುದಿಲ್ಲ' ಅನ್ನುವವರಿಗೂ ಬರುತ್ತದೆ. ಹುಳುವಿನ ಮೊಟ್ಟೆ ಮನುಷ್ಯರ ಮಲದಿಂದ ಮಣ್ಣಿಗೆ, ಅಲ್ಲಿಂದ ತೊಳೆಯದ ಸೊಪ್ಪು, ಕ್ಯಾರೆಟ್, ಕೈಗಳ ಮೂಲಕ ಹೊಟ್ಟೆಗೆ ಹೋಗುತ್ತದೆ. ಕೋಸಂಬರಿಗೆ ಹಾಕುವ ತರಕಾರಿಯನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಬಚ್ಚಲುಮನೆಯಲ್ಲಿ ಮಾತ್ರ ಬರುವ ಫಿಟ್ಸ್

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಇದು ನಮ್ಮ ಕರ್ನಾಟಕದಲ್ಲೇ ಹೆಚ್ಚು ಕಂಡುಬಂದ ಬಗೆ. ವೈದ್ಯರು ಇದಕ್ಕೆ ಬಿಸಿನೀರಿನ ಮೂರ್ಛೆರೋಗ ಎಂದೇ ಹೆಸರಿಟ್ಟಿದ್ದಾರೆ. ನ್ಯೂಜಿಲೆಂಡಿನಲ್ಲಿ 1945ರಲ್ಲಿ ಮೊದಲು ವರದಿಯಾಗಿತ್ತು. ಆದರೆ ದೊಡ್ಡ ಸಂಖ್ಯೆಯಲ್ಲಿ ಗುರುತಿಸಿದ್ದು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ. 1974ರಲ್ಲಿ ಅವರ ತಂಡ ಇಂಥ 108 ಜನರ ವಿವರ ಪ್ರಕಟಿಸಿತು. 1988ರಲ್ಲಿ ನಿಮ್ಹಾನ್ಸಿನಿಂದ 279 ಜನರ ವರದಿ ಬಂತು.

ನಮ್ಮ ತಲೆಸ್ನಾನ ನೆನಪಿಸಿಕೊಳ್ಳಿ. ಎಣ್ಣೆ ಹಚ್ಚಿ, ಹಂಡೆಯ ಸುಡುನೀರಿಗೆ ಒಂದಿಷ್ಟು ತಣ್ಣೀರು ಬೆರೆಸಿ, ಚೊಂಬಿನ ಮೇಲೆ ಚೊಂಬು ನಡುನೆತ್ತಿಗೆ ಸುರಿಯುವುದು. ನೀರು 40ರಿಂದ 50 ಡಿಗ್ರಿ ಇರುತ್ತದೆ. ಇಂಥ ಸ್ನಾನದಲ್ಲಿ ಕೆಲವರಿಗೆ ಕಣ್ಣು ನಿಂತಂತಾಗುತ್ತದೆ, ಅರ್ಥವಿಲ್ಲದ ಮಾತು ಬರುತ್ತದೆ, ಕರೆದರೆ ಓಗೊಡುವುದಿಲ್ಲ. ಕೆಲವರು ಬಿದ್ದು ಅದುರುತ್ತಾರೆ. ವಿಚಿತ್ರವೆಂದರೆ ಕೆಲವರಿಗೆ ಆ ಹೊತ್ತು ಹಿತವಾಗಿರುತ್ತದೆ. ಸಾಕು ಅಂದರೂ ಕೇಳದೆ ಮತ್ತೆ ಮತ್ತೆ ಸುರಿದುಕೊಳ್ಳುತ್ತಲೇ ಇರುತ್ತಾರೆ. ಹೊರಗಿನವರಿಗೆ ಅದು ಸ್ನಾನದ ಹುಚ್ಚಿನಂತೆ ಕಾಣುತ್ತದೆ. ಹೆಂಗಸರಿಗಿಂತ ಗಂಡಸರಿಗೆ, ಅದರಲ್ಲೂ ಹುಡುಗರಿಗೆ ಜಾಸ್ತಿ.

ನಿಮ್ಮ ಮನೆಯಲ್ಲಿ ಹೀಗಿದ್ದರೆ ಇವತ್ತಿನಿಂದಲೇ ಸ್ನಾನದ ರೀತಿ ಬದಲಿಸಿ. ನೀರು ಉಗುರುಬೆಚ್ಚಗಿರಲಿ, ಮೊಣಕೈ ಅದ್ದಿ ನೋಡಿದರೆ ಬಿಸಿ ಅನಿಸಬಾರದು. ಮೊದಲು ಕಾಲು, ಆಮೇಲೆ ಮೈ. ತಲೆಗೆ ಸುರಿಯುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ ತೊಳೆಯಿರಿ. ತಲೆಸ್ನಾನ ಬೇರೆ ದಿನ, ಮೈಸ್ನಾನ ಬೇರೆ ದಿನ ಮಾಡಿದರೂ ಸರಿಯೇ. ಗೀಸರ್ ಇದ್ದರೆ ಉಷ್ಣತೆ ಕಡಿಮೆಗೆ ಇಡಿ. ಬರೀ ಇದರಿಂದಲೇ ಎಷ್ಟೋ ಜನರಿಗೆ ನಿಲ್ಲುತ್ತದೆ. ನಿಲ್ಲದಿದ್ದರೆ ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೊಬಜಾಮ್ ಮಾತ್ರೆ ತೆಗೆದುಕೊಳ್ಳಲು ಡಾಕ್ಟರ್ ಹೇಳಬಹುದು. ಸ್ನಾನವಿಲ್ಲದ ಹೊತ್ತಿನಲ್ಲೂ ಬರತೊಡಗಿದರೆ ದಿನವೂ ಮಾತ್ರೆ ಬೇಕಾಗುತ್ತದೆ. ಹಬ್ಬದ ಎಣ್ಣೆಸ್ನಾನಕ್ಕೆ ಅಜ್ಜಿ ಪಟ್ಟು ಹಿಡಿಯುತ್ತಾರೆ, ಅವರಿಗೆ ಮೊದಲೇ ಹೇಳಿಟ್ಟಿರಿ.

ಬೇರೆ ಯಾವ ಬಗೆಯ ಫಿಟ್ಸ್ ಇದ್ದರೂ ಬಚ್ಚಲಿನ ಚಿಲಕ ಹಾಕಬಾರದು. ಬಾಗಿಲಿಗೆ 'ಒಳಗಿದ್ದೇನೆ' ಎಂಬ ಬೋರ್ಡ್ ನೇತುಹಾಕಿದರೆ ಸಾಕು.

ಮಾತ್ರೆಯ ಜೊತೆ ಬದುಕುವುದು

ಸರಿಯಾದ ಮಾತ್ರೆ ಸರಿಯಾಗಿ ತೆಗೆದುಕೊಂಡರೆ 100ರಲ್ಲಿ 70 ಜನರಿಗೆ ಫಿಟ್ಸ್ ಪೂರ್ತಿ ನಿಲ್ಲಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದುಬಾರಿ ಮಾತ್ರೆಯೇ ಬೇಕೆಂದಿಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಡಾ. ಮಣಿ ಅವರ ತಂಡ ಫೆನೊಬಾರ್ಬಿಟಾಲ್, ಫೆನಿಟಾಯಿನ್‌ನಂಥ ಹಳೆಯ ಅಗ್ಗದ ಮಾತ್ರೆಗಳಿಂದಲೇ ಫಿಟ್ಸನ್ನು ಹಿಡಿತಕ್ಕೆ ತರಬಹುದೆಂದು ತೋರಿಸಿತು. ಆ ವರದಿ 2001ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಎಡವುವುದು ಒಂದೇ ಕಡೆ. ಆರು ತಿಂಗಳು ಫಿಟ್ಸ್ ಬರಲಿಲ್ಲ, ವಾಸಿಯಾಯ್ತು ಎಂದು ಮಾತ್ರೆ ಬಿಡುತ್ತಾರೆ. ಬರದೆ ಇರುವುದು ಮಾತ್ರೆಯಿಂದ. ಥಟ್ಟನೆ ಬಿಟ್ಟರೆ ಮೊದಲಿಗಿಂತ ಜೋರಾಗಿ, ಒಂದರ ಹಿಂದೆ ಒಂದು ಬರಬಹುದು. ನಾಟಿ ಔಷಧಿಗೆ ಹೋದವರಿಗೂ ಇಂಗ್ಲಿಷ್ ಮಾತ್ರೆ ನಿಲ್ಲಿಸಿ ಎಂಬ ಪಥ್ಯ ಹೇಳುತ್ತಾರೆ. ಅಲ್ಲೇ ಅಪಾಯ ಇರುವುದು.

ವಾರದ ಖಾನೆಗಳಿರುವ ಮಾತ್ರೆ ಡಬ್ಬಿ ತಂದುಕೊಳ್ಳಿ. ಫೋನಿನಲ್ಲಿ ಅಲಾರಂ ಇಡಿ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತಿಗೆ ಹತ್ತಿರವಾಗಿದ್ದರೆ ಎರಡನ್ನೂ ಸೇರಿಸಿ ನುಂಗಬೇಡಿ. ಸ್ಟಾಕ್ ಒಂದು ವಾರಕ್ಕೆ ಇಳಿದಾಗಲೇ ಮೆಡಿಕಲ್ ಸ್ಟೋರಿಗೆ ಹೋಗಿ. ಕಂಪನಿ ಬದಲಿಸಿ ಕೊಟ್ಟರೆ ಡಾಕ್ಟರನ್ನು ಕೇಳಿ. ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನು ಪುಡಿ ಮಾಡಬೇಡಿ.

ಹೊಸ ಮಾತ್ರೆ ಶುರುವಾದ ಮೊದಲ ಕೆಲವು ವಾರ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕಾರ್ಬಮಜೆಪಿನ್, ಫೆನಿಟಾಯಿನ್, ಲಾಮೊಟ್ರಿಜಿನ್‌ನಲ್ಲಿ ಇದು ಅಪರೂಪಕ್ಕೆ ಪ್ರಾಣಾಪಾಯದ ಮಟ್ಟಕ್ಕೆ ಹೋಗುತ್ತದೆ. ಫೆನಿಟಾಯಿನ್ ಬಹಳ ಕಾಲ ತೆಗೆದುಕೊಂಡರೆ ಒಸಡು ಬೆಳೆಯಬಹುದು. ಲೆವೆಟಿರಾಸೆಟಮ್‌ನಿಂದ ಕೆಲವರಿಗೆ ಸಿಟ್ಟು ಜಾಸ್ತಿ. ಮನೆಯವರಿಗೆ ಇದು ಗೊತ್ತಿದ್ದರೆ 'ಇವನಿಗೇನಾಯ್ತು' ಎಂದು ಜಗಳವಾಡುವ ಬದಲು ಡಾಕ್ಟರಿಗೆ ಹೇಳುತ್ತಾರೆ.

ನಿದ್ದೆ ಕೆಡಬಾರದು. ಶಿವರಾತ್ರಿಯ ಜಾಗರಣೆ, ರಾತ್ರಿಯಿಡೀ ಯಕ್ಷಗಾನ, ನೈಟ್ ಶಿಫ್ಟ್ ಎಲ್ಲವೂ ಒಂದೇ. ಉಪವಾಸ ಮತ್ತು ಜಾಗರಣೆ ಒಟ್ಟಿಗೆ ಬಿದ್ದರಂತೂ ಫಿಟ್ಸನ್ನು ಕರೆದು ಕೂರಿಸಿದಂತೆ. ವ್ರತ ಮಾಡಲೇಬೇಕಿದ್ದರೆ ಹಣ್ಣು ಹಾಲು ತಿಂದು, ಮಾತ್ರೆ ನುಂಗಿ, ರಾತ್ರಿ ಮಲಗಿ. ಹೆಂಡ ಬೇಡ. ಒಬ್ಬರೇ ಬಾವಿ ಸೇದುವುದು, ಕೆರೆಗೆ ಇಳಿಯುವುದು, ತೆಂಗಿನ ಮರ ಹತ್ತುವುದು ಬೇಡ.

ಗಾಡಿಯ ವಿಷಯದಲ್ಲಿ ಕಾನೂನು ಬಿಗಿ. ಲೈಸೆನ್ಸಿಗೆ ಕೊಡುವ ಫಾರಂ 1ರಲ್ಲೇ ಮೂರ್ಛೆರೋಗ ಇದೆಯೇ ಎಂಬ ಪ್ರಶ್ನೆ ಇದೆ. ಸುಳ್ಳು ಬರೆದು ಬೈಕ್ ಓಡಿಸುವವರು ಬಹಳ. ಹಿಂದೆ ಕೂತವರ ಜೀವವೂ ಅವರ ಕೈಲಿರುತ್ತದೆ.

ಮದುವೆ ಆದರೆ ಸರಿಹೋಗುತ್ತದೆ ಎಂಬ ಮಾತು ಸುಳ್ಳು, ಮದುವೆ ಆಗಲೇಬಾರದು ಎಂಬುದೂ ಸುಳ್ಳು. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿ ಎಂದಿದ್ದ ಮಾತನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಿದ್ದಾರೆ. ಮುಚ್ಚಿಟ್ಟು ಮದುವೆ ಮಾಡಿದರೆ ಹೊಸ ಮನೆಯಲ್ಲಿ ಮಾತ್ರೆ ಕದ್ದು ನುಂಗಬೇಕಾಗುತ್ತದೆ, ಕೊನೆಗೆ ಮಾತ್ರೆಯೇ ತಪ್ಪುತ್ತದೆ. ಹೇಳಿಯೇ ಮಾಡಿ. ಮಗು ಬೇಕೆನ್ನುವ ಹೆಂಗಸರು ಬಸುರಿಯಾಗುವ ಮೊದಲೇ ಡಾಕ್ಟರನ್ನು ಕಾಣಬೇಕು. ಸೋಡಿಯಂ ವ್ಯಾಲ್ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು, ಬೇರೆ ಮಾತ್ರೆಗೆ ಬದಲಿಸಲು ಸಮಯ ಬೇಕು. ಫೋಲಿಕ್ ಆ್ಯಸಿಡ್ ಕೂಡ ಮುಂಚೆಯೇ ಶುರುಮಾಡಬೇಕು. ಬಸುರಿ ಎಂದು ಗೊತ್ತಾದ ಮೇಲೆ ಹೆದರಿ ತಾವಾಗಿಯೇ ಮಾತ್ರೆ ನಿಲ್ಲಿಸುವುದು ತಾಯಿ ಮಗು ಇಬ್ಬರಿಗೂ ಅಪಾಯ. ಕಾರ್ಬಮಜೆಪಿನ್, ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡದಿರಬಹುದು.

ಶಾಲೆಯ ಟೀಚರಿಗೆ, ಆಫೀಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿಡಿ. ಪರ್ಸಿನಲ್ಲಿ ಒಂದು ಚೀಟಿ ಇರಲಿ: ಹೆಸರು, ಕಾಯಿಲೆ, ಮಾತ್ರೆಗಳ ಹೆಸರು, ಮನೆಯವರ ಫೋನ್ ನಂಬರು. ಕನ್ನಡದಲ್ಲೂ ಬರೆಯಿರಿ, ಬಸ್ ಕಂಡಕ್ಟರ್ ಓದುವಂತಿರಲಿ.

ಮಾತ್ರೆ ನಿಲ್ಲಿಸುವುದು ಯಾವಾಗ

ಒಂದೂ ಫಿಟ್ಸ್ ಇಲ್ಲದೆ ಕನಿಷ್ಠ 2 ವರ್ಷ ಕಳೆದ ಮೇಲೆ ಈ ಮಾತು ಬರುತ್ತದೆ. ಎಲ್ಲರಿಗೂ ಅಲ್ಲ. ಬೆಳಗಿನ ಹೊತ್ತು ಕೈ ಜಗ್ಗುವ ಬಗೆಯವರಿಗೆ ಬಹಳ ವರ್ಷ ಬೇಕಾಗಬಹುದು. ಮಿದುಳಿನಲ್ಲಿ ಹಳೆಯ ಗಾಯದ ಗುರುತಿದ್ದರೂ ಡಾಕ್ಟರು ಹಿಂದೆ ಮುಂದೆ ನೋಡುತ್ತಾರೆ. ನಿಲ್ಲಿಸುವುದಾದರೆ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ತಿಂಗಳುಗಟ್ಟಲೆ ಇಳಿಸುತ್ತಾರೆ. ಪರೀಕ್ಷೆ, ಮದುವೆ, ಹೊಸ ಕೆಲಸ ಇರುವ ವರ್ಷ ಇದಕ್ಕೆ ಕೈಹಾಕಬೇಡಿ. ಮರಳಿ ಬರುವುದಾದರೆ ಹೆಚ್ಚಾಗಿ ಮೊದಲ ವರ್ಷದೊಳಗೇ ಬರುತ್ತದೆ, ಹಾಗಾಗಿ ಆ ವರ್ಷವೂ ಈಜು, ಎತ್ತರ, ಗಾಡಿಯಿಂದ ದೂರವಿರಿ. ಮತ್ತೆ ಬಂದರೆ ಮಾತ್ರೆಯನ್ನು ಮತ್ತೆ ಶುರುಮಾಡುತ್ತಾರೆ. ಹೆಚ್ಚಿನವರಿಗೆ ಮತ್ತೆ ಹಿಡಿತಕ್ಕೆ ಸಿಗುತ್ತದೆ.